ಮೂಕಿ

ಶಹಾಬಾದ್ ಸ್ಟೇಷನ್ ಹಿಂದಿನ ಓಣ್ಯಾಗ
ಆರು ಖಾನಿ ತಬೇಲಾ.
ಗೌಸಿಯಾ ಬೇಗಂ ಬೀಗ ತೆಗೆದು ಅಂದಳು:
"ನಲವತ್ತು ಗಿರಿರಾಜ ಬರ್ತಾವ ಬೇಸ್ತವಾರ.
ಅಷ್ಟರಾಗ ಮುಗೀಬೇಕು, ಮೌನೇಶಣ್ಣ."

ಟೇಪು ಬಿಚ್ಚಿದೆ.
ಎಲ್ಲಾನೂ ಎತ್ತರ ಇಲ್ಲಿ.
ಬಾಗಲಾ ಏಳು ಫೂಟು, ತಲಿ ಎತ್ತಿ ನಡಿಯೋವಕ್ಕ.
ಗೋದಲಿ ನನ್ನ ಎದಿಮಟ,
ಕಬ್ಬಿಣದ ಬಳಿ ಅದಕ್ಕಿಂತ ಗೇಣು ಮ್ಯಾಲ.
ಕೋಳಿ ಲೋಕ ಮೊಣಕಾಲಿನ ಕೆಳಗ.
ಮೂರು ದಿನ ಕುಕ್ಕರಗಾಲಿನಾಗೇ ಕೆಲಸ ಮಾಡಿದೆ.

ನೆಲ ಊರ ಪರಸಿ. ನಡುವ ಸಣ್ಣ ಗಟಾರ,
ಕುದುರಿ ಉಚ್ಚಿ ಹರಿಯಾಕ
ಯಾರೋ ಜಾಣ ಕಲ್ಲುಕುಟಿಗ ಕಡದದ್ದು.
ಈಗೂ ನೀರು ಸುರದ್ರ ನಿಲ್ಲಂಗಿಲ್ಲ, ಓಣಿಗೆ ಓಡ್ತದ.
ಅದನ್ನ ಮುಟ್ಟಲಿಲ್ಲ.
ಬಾಯಿಗೆ ಮಾತ್ರ ಜಾಳಿಗಿ ಬಡದೆ,
ಮುಂಗಲಿ ಅದೇ ಹಾದಿ ಹಿಡಿತದ.

ಮೂಲ್ಯಾಗ ಒಂದು ಬಕೇಟು ತುಕ್ಕು ಹಿಡದ ನಾಲು,
ಗೆದ್ದಲಿ ತಿಂದ ಹಗ್ಗ,
ಒಂದು ಡಬ್ಬಿ, ತಳದಾಗ ಕಲ್ಲಾದ ಬೆಲ್ಲ.
"ಅಬ್ಬಾ ಇಡ್ತಿದ್ರು. ಗಾಡಿ ತಡಾ ಆದ್ರ
ಒಂದೊಂದು ಹೆಂಟಿ ತಿನಿಸಿ ಮಾತಾಡಿಸ್ತಿದ್ರು ಅವನ್ನ.
ನಮಗ ಕೊಡ್ತಿದ್ದಿಲ್ಲ,"
ಅಂತ ಡಬ್ಬಿ ಗುಜರಿ ಚೀಲಕ್ಕ ಒಗದಳು.

ಗೋದಲಿ ಅಂಚು ಸಾಗವಾನಿ.
ರಂದಾ ಹಿಡದು ಹೋದೆ, ಸಾಪ ಮಾಡಾಣ ಅಂತ.
ಅಂಚಿನ ತುಂಬ ಹಲ್ಲು.
ಬರೇ ಗುರುತಲ್ಲ, ಕಡದು ಕಡದು
ಕಟಗಿಗೆ ತೆರಿ ಎದ್ದಾವ,
ಮೂರನೇ ಖಾನ್ಯಾಗ ಎರಡು ಬೊಟ್ಟು ಕೂಡುವಷ್ಟು ಆಳ.
"ಅದು ಹಸೀನಾ," ಅಂದಳು ಹಿಂದಿನಿಂದ.
"ಕಟ್ಟಿದ್ರ ಸಾಕು, ಬ್ಯಾಸರಕ್ಕ ಕಟಗಿ ತಿಂತಿತ್ತು."
ಮೂವತ್ತು ವರ್ಷ ಕಟಗಿ ಕೆಲಸ ನಂದು.
ಇಷ್ಟು ಪುರಸೊತ್ತಿನಿಂದ ನಾ ಒಮ್ಮೆನೂ ಮಾಡಿದ್ದಿಲ್ಲ.
ರಂದಾ ಹೊಳ್ಳಿ ಇಟ್ಟೆ.
ಗೋದಲಿ ಇಳಿಸಿ, ನೆಲದಿಂದ ಮಳದೆತ್ತರಕ್ಕ ಕೂಡಿಸಿ,
ನಡುವ ಹಲಗಿ ಹಾಕಿ, ಹುಲ್ಲು ಹಾಸಿ,
ಹಲ್ಲು ಹಂಗೇ ಇದ್ದಂಗ ತತ್ತಿಗೂಡು ಮಾಡಿದೆ.

ರಾತ್ರಿ ಕೂಡಾಕ ಅಡ್ಡಗಳ ಬೇಕು.
ಬಿದಿರು ತರ್ತೀನಿ ಅಂತ ರೊಕ್ಕ ಕೇಳಿದೆ.
"ಅಟ್ಟದ ಮ್ಯಾಲ ನೋಡು."
ಅಟ್ಟದ ಮ್ಯಾಲ ಟಾಂಗಾದ ಎರಡು ಮೂಕಿ,
ತುದಿಗೆ ಸ್ವಲ್ಪ ಬಗ್ಗಿದ್ದು,
ಕುದುರಿ ಪಕ್ಕಡಿ ಉಜ್ಜಿ ಉಜ್ಜಿ ಎಣ್ಣಿ ಹಚ್ಚಿದಂಗ ನುಣುಪು.
ನಾ ಅಂದೆ: ಕಲಬುರಗಿ ಹೊಟೇಲಿನವ್ರು
ಇಂಥವು ಗ್ವಾಡಿಗೆ ತೂಗಹಾಕ್ತಾರ ಬೇಗಂ,
ಎರಡು ಸಾವಿರ ಎಣಿಸಿ ಕೊಡ್ತಾರ.
ಅವಳು ನಕ್ಕಳು:
"ಕುದುರಿ ಜನ್ಮದಾಗ ಒಂದು ತತ್ತಿ ಇಟ್ಟಿಲ್ಲ ನಮ್ಮ ಮನ್ಯಾಗ.
ಮೂಕಿ ಆದ್ರೂ ದುಡೀಲಿ."

ಬೇಸ್ತವಾರ ಸಂಜಿಕ ಬಂದವು,
ಬುಟ್ಟ್ಯಾಗ ಒಂದರ ಮ್ಯಾಲೊಂದು, ಬಾಯಿ ತಕ್ಕೊಂಡು.
ಒಳಗ ಬಿಟ್ರ ಒಂದೂ ಮೂಕಿ ಏರವಲ್ದು.
ಮೂಲಿ ಹಿಡದು ಒಂದಕ್ಕೊಂದು ಅಂಟಿ ನಿಂತವು.
ಗೌಸಿಯಾ ನಾಲಿಗಿ ಅಂಗಳಕ್ಕ ಹಚ್ಚಿ
ಟಕ್, ಟಕ್, ಅಂದಳು.
ಕೋಳಿ ಕರಿಯೋ ಸಪ್ಪಳ ಅಲ್ಲ ಅದು.
ಇಬ್ರೂ ಸುಮ್ಮನಾದ್ವಿ.
ಆಮ್ಯಾಲ ಒಂದು ಮುಷ್ಟಿ ನುಚ್ಚುಜೋಳ ಚೆಲ್ಲಿದಳು.
ಒಂದು ಕರೇ ಹ್ಯಾಟಿ ಹಾರಿ ಕುಂತಿತು,
ಜಾರಿತು,
ಮತ್ತ ಹಾರಿತು.
ಅದರ ಹಿಂದ ಇನ್ನೆರಡು.
ಸ್ಟೇಷನ್ನಾಗ ಗಾಡಿ ಕೂಗಿತು.
ಗೌಸಿಯಾ ಒಬ್ಬಾಕಿನೇ ಆ ಕಡಿ ತಿರುಗಿದ್ದು.

ನುಣುಪು ಭಾಳ ಆಗ್ಯದ, ಉಗುರು ಹಿಡಿಯಂಗಿಲ್ಲ,
ನಾಳಿ ಬಂದು ಸುತಳಿ ಸುತ್ತಿ ಕೊಡ್ತೀನಿ ಅಂದೆ.
ಕೂಲಿ ಕೊಟ್ಟಳು, ಎಪ್ಪತ್ತು ರೂಪಾಯಿ ಕಮ್ಮಿ.
"ತತ್ತಿ ಇಟ್ಟ ಮ್ಯಾಲ ಒಯ್ಯಿ."

ಮುಂಜಾನೆ ಸುತಳಿ ಉಂಡಿ ತಗೊಂಡು ಹೋದೆ.
ಮೂಕಿ ಮ್ಯಾಲ, ಹಿಕ್ಕಿ ನಡುವ,
ಹೊಸ ಗೀರು. ಸಣ್ಣವು, ಮೂರು ಮೂರು.
ಸುತಳಿ ಹೊಳ್ಳಿ ಚೀಲದಾಗ ಹಾಕಿದೆ.

ಎಪ್ಪತ್ತು ರೂಪಾಯಿ ಇನ್ನಾ ಬಾಕಿ ಅದ.