ಹನ್ನೊಂದು ಮನೆಯ ಕುದ್ರು

ಶಿರಿಯಾ ಹೊಳೆ ಕಡಲಿಗೆ ಬೀಳುವಲ್ಲಿ
ಲೋಕಯ್ಯ ಕುಂದರ್ ದೋಣಿ ಹಿಡಿದು ನಿಂತಿದ್ದ.
"ಮೇಷ್ಟ್ರೇ, ಚಪ್ಪಲಿ ಕೈಯಲ್ಲಿರಲಿ.
ಇಳಿತಕ್ಕೆ ಮೊದಲೇ ವಾಪಸ್ ಬರಬೇಕು,
ಇಲ್ಲಾಂದ್ರೆ ಇವತ್ತು ರಾತ್ರಿ
ನಿಮ್ಮ ಹೆಸರೂ ಕುದ್ರಿನ ಲೆಕ್ಕಕ್ಕೇ."

ಚೀಲದಲ್ಲಿ ಸರಕಾರದ ಹಾಳೆಗಳು,
ಒಂದು ಬ್ರಶ್ಶು, ಬಾಗಿಲಿಗೆ ನಂಬರು ಬರೆಯಲು
ಕಪ್ಪು ಬಣ್ಣದ ಡಬ್ಬಿ.

ಪಟ್ಟಿಯಲ್ಲಿ ಹನ್ನೊಂದು ಮನೆ.
ಎಣಿಸಿದರೆ ಒಂಬತ್ತು.
ಹತ್ತನೆಯದಕ್ಕೆ ಮೆಟ್ಟಿಲು ಮಾತ್ರ ಇದೆ, ಮೂರು,
ಸೀದಾ ನೀರಿಗಿಳಿಯುತ್ತವೆ.
ಕೊನೆಯ ಮೆಟ್ಟಿಲ ಮೇಲೆ ಹುಡುಗಿಯೊಬ್ಬಳು
ಮರುವಾಯಿ ತೊಳೆಯುತ್ತಿದ್ದಳು.
ಹನ್ನೊಂದನೆಯದು ಎಲ್ಲಮ್ಮಾ?
ತಲೆಯೆತ್ತದೆ, ಗದ್ದದಿಂದ
ಹೊಳೆ ತೋರಿಸಿದಳು.

ಅಪ್ಪಿಯಕ್ಕನ ಅಂಗಳದಲ್ಲಿ ಬೂತಾಯಿ ಒಣಗುತ್ತಿತ್ತು,
ಕಾಗೆ ಓಡಿಸಲು ಒಂದು ಮುರಿದ ಹುಟ್ಟು.
ಮಾತೃಭಾಷೆ? ಕೇಳಿದೆ, ಪೆನ್ನು ಒತ್ತಿ.
"ಮನೆಯಲ್ಲಿ ತುಳು. ಕುಂಬಳೆ ಪೇಟೆಯಲ್ಲಿ ಮಲಯಾಳ.
ಮೀನು ಕೊಳ್ಳುವ ಬ್ಯಾರಿಗಳೊಂದಿಗೆ ಅವರದ್ದೇ.
ನಿಮ್ಮ ಹತ್ತಿರ, ಕೇಳಿದಿರಲ್ಲ, ಈ ಹರುಕು ಕನ್ನಡ.
ಹೊಳೆಯಲ್ಲಿ ಮಾತ್ರ ಯಾವುದೂ ಇಲ್ಲ,
ಮಾತಾಡಿದರೆ ಮೀನು ಓಡಿಹೋಗುತ್ತದೆ."

ಹುಟ್ಟಿದ ಸ್ಥಳ?
ಎದ್ದಳು. ಮೊಣಕಾಲು ಕಟಕಟ ಅಂದಿತು.
"ಅಕೋ, ಕೊಕ್ಕರೆ ನಿಂತಿದೆಯಲ್ಲ ಒಂಟಿಕಾಲಲ್ಲಿ,
ಅದಕ್ಕಿಂತ ನಾಲ್ಕು ಮಾರು ಆಚೆ.
ಆಗ ಅಳಿವೆ ಬಡಗು ದಿಕ್ಕಿಗಿತ್ತು,
ಎರಡು ಆಟಿ ಕಳೆಯುವಷ್ಟರಲ್ಲಿ ತೆಂಕಿಗೆ ಬಂತು,
ಬರುವಾಗ ಕೇಳಿ ಬರಲಿಲ್ಲ.
ಮೊನ್ನೆ ನನ್ನ ಮಗ, ನನ್ನ ಅಮ್ಮ ನನ್ನನ್ನು ಹೆತ್ತ
ಕೋಣೆಯಲ್ಲೇ ಬಲೆ ಬೀಸಿದ.
ಎರಡು ಕಾಣೆ. ದೊಡ್ಡವು."
ನಕ್ಕಳು. ನಾನು ನಗಬೇಕೋ ಬೇಡವೋ ತಿಳಿಯದೆ
ಆ ಕಾಲಂ ಬಿಟ್ಟು ಮುಂದೆ ಹೋದೆ.

ಬಾಗಿಲು ಹಳೆ ದೋಣಿಯ ಹಲಗೆ.
ಅದರ ಮೇಲೆ ಆಗಲೇ ಒಂದು ನಂಬರಿತ್ತು,
ಬಿಳಿ ಬಣ್ಣ, ಅರ್ಧ ಸುಲಿದದ್ದು.
ನಾನು ಬ್ರಶ್ಶು ಅದ್ದಿದ್ದೇ
ಅಪ್ಪಿಯಕ್ಕ ಅದರ ಮೇಲೆ ಅಂಗೈಯಿಟ್ಟಳು.
"ಇದು ಅವರದ್ದು.
ನಿಮ್ಮದನ್ನು ಕೆಳಗೆ ಬರೆಯಿರಿ, ಚಿಕ್ಕದಾಗಿ."
ಕೆಳಗೆ ಬರೆದೆ. ಚಿಕ್ಕದಾಗಿ.
ಮಳೆಯಿಲ್ಲದಿದ್ದರೂ ಹಲಗೆ ಒದ್ದೆ,
ಬಣ್ಣ ಹಿಡಿಯಲು ತಡಮಾಡಿತು.

ಹೊರಡುವಾಗ ತೆಂಗಿನ ಗರಿಯಲ್ಲಿ ಸುತ್ತಿದ ಪೊಟ್ಟಣ
ನನ್ನ ಕೈಯಲ್ಲಿ ತುರುಕಿದಳು.
ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಹೇಳಲಿಲ್ಲ.
ಲೋಕಯ್ಯನಿಗೆ ಗೊತ್ತು, ಅವನೂ ಹೇಳಲಿಲ್ಲ.

ಇಳಿತ ನಮಗಿಂತ ಮುಂದಿತ್ತು.
ನಡುಹೊಳೆಯಲ್ಲಿ ದೋಣಿಯ ಹೊಟ್ಟೆ ಮರಳಿಗೆ ತಾಗಿ
ಇಬ್ಬರೂ ಇಳಿದು ದೂಡಿದೆವು,
ತೊಡೆಯುದ್ದ ನೀರು, ಕಾಲಡಿ ಏನೋ ಗಟ್ಟಿ,
ಕಲ್ಲೋ, ಯಾರದೋ ಮನೆಯ ಹೊಸ್ತಿಲೋ.
ಹಾಳೆಗಳ ಚೀಲ ತಲೆಯ ಮೇಲೆ.
ಎದೆಗೊತ್ತಿಕೊಂಡ ಗರಿಯೊಳಗೆ
ಒಂದು ಕಾಣೆ ಇನ್ನೂ
ಆಗಾಗ ಮಿಸುಕುತ್ತಿತ್ತು.