ಮೂರನೇ ಕಂಬದ ಹತ್ರ

ಟಿಕೀಟು ತೋರಿಸಿ ಒಳಗ ಹೋಗಿ ಎಡಕ್ಕ ಹೊಳ್ಳಿದರ
ಮೂರನೇ ಕಂಬ. ಅಲ್ಲೇ ನಮ್ಮ ಒಲಿ ಇತ್ತು.

ರಸ್ತಾ ಅಗಲ ಮಾಡೂ ಮುಂದ ಸುಣ್ಣದ ಗೆರಿ
ಒಲಿ ನಡುವ ಹಾದು ಹೋತು.
ಅಳತಿ ಹುಡುಗ, ಪಾಪ,
ಸಾರು ಕುದಿಯೂ ತನಕ ಟೇಪು ಹಿಡಕೊಂಡು ನಿಂತಿದ್ದ.

ಆಮ್ಯಾಲ ಆರು ವರ್ಷ ಊರ ಹೊರಗ, ತಗಡಿನ ಸೂರು.
ಬಸ್ಸು ಬಂದರ ಬಂತು.
ದುರ್ಗದಬೈಲ ಮುಟ್ಟೂದ್ರಾಗ
ಕೊತ್ತಂಬರಿ ಸೂಡು ಗೋಣು ಚೆಲ್ಲಿ
ಅರ್ಧಾ ರೇಟಿಗೆ ಬರ್ತಿತ್ತು.

ಈ ಸಲ ಚೀಟಿ ಎತ್ತಿದರು.
ಗುರುಸಿದ್ದವ್ವ ಕೋಂ ಫಕ್ಕೀರಪ್ಪ ಬಾರಕೇರ,
ಊರ ನಡುವ, ಮೂರನೇ ಮಾಳಿಗಿ.
ನಳ ಐತಿ; ನೀರು ಎಂಟು ದಿನಕ್ಕೊಮ್ಮೆ.
ಎದುರುಮನಿ ಮಮತಾಜಬಿ ಬಂದಾಕಿನ
ಗ್ವಾಡಿ ಬಡದು ಬಡದು ಕೇಳಿದಳು:
"ಒಳಗ ಪೊಳ್ಳೇನ?"
ಕಾಯಿ ಆರಿಸಿದಂಗ ಮನಿ ಆರಿಸಾಕ ಬರ್ತದೇನ,
ಇಬ್ಬರೂ ನಕ್ಕಿವಿ, ಮತ್ತೊಮ್ಮೆ ಬಡದು ನೋಡಿದಿವಿ.

ಈಗ ಅಮರಗೋಳದ ಸಂತಿಯಿಂದ ಚಿಗರಿ ಬಸ್ಸು.
ತಂಪ ಗಾಳಿಯೊಳಗ ನನ್ನ ಕೊತ್ತಂಬರಿ
ಬೀಗತಿ ಹಂಗ ಕುಂತು ಬರ್ತೈತಿ.
ಬಾಗಿಲಾ ತಾನ ತೆರಕೋತೈತಿ ಅಂತ
ಮೊಮ್ಮಗ ಬಾಯಿ ತಕ್ಕೊಂಡು ನೋಡ್ತಾನ.
ನಮ್ಮ ಗೋಣಿತಾಟಿನ ಬಾಗಿಲಾನೂ, ತಮ್ಮಾ,
ಗಾಳಿ ಬಿಟ್ಟರ ತಾನ ತೆರಕೋತಿತ್ತು.

ನಸುಕಿನ್ಯಾಗ ಕಾವಲು ಹುಡುಗ ಒದರ್ತಾನ:
"ಯವ್ವಾ, ಹಳದಿ ಗೆರಿ ದಾಟಬ್ಯಾಡ."
ಗೆರಿ ನನಗ ಹೊಸಾವಲ್ಲ.
ಖಾಲಿ ಬುಟ್ಟಿ ಮೂರನೇ ಕಂಬಕ್ಕ ಆನಿಸಿ
ಬಗ್ಗಿ, ಯಾರೂ ನೋಡದಂಗ,
ಹಾಸುಗಲ್ಲಿನ ಮ್ಯಾಲ ಅಂಗೈ ಇಡ್ತೀನಿ.

ತಣ್ಣಗ ಐತಿ.
ಬಸ್ಸು ಬಂತು.