ಹತ್ತೊಂಬತ್ತು ಯೂರೋ

ಆಂಕುತ್ಸಾ, ಕೂತುಕೋ. ಮೊದಲು ನಿನ್ನ ಚೀಲ ಅಳೆಯೋಣ.
ನಲವತ್ತು, ಇಪ್ಪತ್ತೈದು, ಇಪ್ಪತ್ತು:
ಅದರಾಚೆ ಒಂದು ಗುಂಡಿಯೂ ಇಣುಕಕೂಡದು.
ಬಾಗಿಲ ಬಳಿ ಕಬ್ಬಿಣದ ಚೌಕಟ್ಟೊಂದು ನಿಂತಿರುತ್ತದೆ,
ಬಾಯಿ ತೆರೆದ ಗೂಡಿನ ಹಾಗೆ.
ಚೀಲ ಅದರೊಳಗೆ ಇಳಿದರೆ ನೀನು ಪ್ರಯಾಣಿಕಳು,
ಎರಡು ಬೆರಳು ಮೇಲೆ ನಿಂತರೆ
ಎಪ್ಪತ್ತು ಯೂರೋ.
ಟಿಕೇಟು ಹತ್ತೊಂಬತ್ತು.
ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಪಾಸು ಇಲ್ಲೇ ಸುಚಾವಾದಲ್ಲಿ ಅಚ್ಚು ಹಾಕಿಸು.
ಫೋನಿನಲ್ಲಿದೆ ಎಂದು ನಂಬಬೇಡ, ಫೋನು ಸಾಯುವುದು
ಸರಿಯಾಗಿ ನಿನ್ನ ಸರದಿ ಬಂದಾಗ.
ಅಂಚೆಕಚೇರಿ ಎದುರಿನ ಕೊಸ್ಟಾಕೆ ಹಾಳೆಗೊಂದು ಲೆಯು ತಗೊಳ್ತಾನೆ.
ಅದೇ ಹಾಳೆಗೆ ಅಲ್ಲಿ
ಅವನ ಇಡೀ ದಿನದ ದುಡಿಮೆ.

ಸೀಟು ಆರಿಸಬೇಡ. ಆರಿಸಿದರೆ ದುಡ್ಡು.
ಅವರು ಕೊಟ್ಟದ್ದು ಯಾವಾಗಲೂ ನಡುವಿನದು,
ಯಾವಾಗಲೂ ಕಕ್ಕಸಿನ ಹತ್ತಿರ.
ಗಂಡಹೆಂಡಿರನ್ನೂ ಬೇರೆ ಬೇರೆ ಸಾಲಿಗೆ ಹಾಕುತ್ತಾರೆ;
ಕೆಲವರು ಇಳಿಯುವಾಗ ಬಹಳ ಸಮಾಧಾನದಲ್ಲಿರುತ್ತಾರೆ.

ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಸು.
ತಿನ್ನಲು ಬ್ರೆಡ್ಡು, ಬೇಯಿಸಿದ ಮೊಟ್ಟೆ.
ಬಿಡಿಸುವಾಗ ಪಕ್ಕದವರು ಮೂಗು ಮುರಿದರೆ
ಅವರಿಗೂ ಒಂದು ಕೊಡು.
ಪ್ಲಮ್ ಮುರಬ್ಬ ದ್ರವ. ಹೌದು, ದ್ರವ.
ಚಮಚ ನೆಟ್ಟಗೆ ನಿಲ್ಲುತ್ತದೆ ಅದರಲ್ಲಿ ಎಂದು ವಾದಿಸಿದ್ದೆ,
ನಿಲ್ಲಿಸಿ ತೋರಿಸಿಯೂ ಇದ್ದೆ.
ಆ ಹುಡುಗ ಚಮಚ ವಾಪಸು ಕೊಟ್ಟ.

ಬಟ್ಟೆ ಮೈಮೇಲೆ ಹಾಕಿಕೋ. ಮೈಗೆ ಇನ್ನೂ ಚೌಕಟ್ಟಿಲ್ಲ.
ನಾನು ಜುಲೈ ತಿಂಗಳಲ್ಲಿ ಮೂರು ಸ್ವೆಟರು, ಮೇಲೊಂದು ಕೋಟು,
ಕೋಟಿನ ಅಸ್ತರಿಯೊಳಗೆ ಹೊಗೆಯಾಡಿಸಿದ ಚೀಸು ಹೊಲಿದುಕೊಂಡು
ಬೆವರುತ್ತ ಏರಿದ್ದೇನೆ ಆ ಮೆಟ್ಟಿಲು.
ಪಕ್ಕದವನು ಕೇಳಿದ, ಎಷ್ಟನೇ ತಿಂಗಳು?
ಏಳು ಅಂದೆ.
ಕಿಟಕಿ ಬಿಟ್ಟುಕೊಟ್ಟ.

ಟಿಕೇಟಿನಲ್ಲಿ ಮಿಲಾನ್ ಎಂದಿರುತ್ತದೆ, ಇಳಿಸುವುದು ಬೆರ್ಗಾಮೋದಲ್ಲಿ.
ಗಾಬರಿಬೀಳಬೇಡ, ಸಿನ್ಯೋರಾ ಮನೆ ಆ ಕಡೆಗೇ.
ಚಕ್ರ ನೆಲ ಮುಟ್ಟಿದಾಗ ನಮ್ಮವರು ಚಪ್ಪಾಳೆ ತಟ್ಟುತ್ತಾರೆ.
ನೀನೂ ತಟ್ಟು. ಅದಕ್ಕೆ ದುಡ್ಡಿಲ್ಲ.

ಮೊದಲ ಸಲ ನನ್ನ ಚೀಲ ಹಿಡಿಸಲಿಲ್ಲ.
ಎರಡು ಗಾಲಿ, ಅಷ್ಟೇ, ಹೊರಗುಳಿದವು.
ಹಿಂದೆ ನೂರು ಜನ. ಕಿಸೆಯಲ್ಲಿ ನಲವತ್ತು ಯೂರೋ, ಅದೂ ಸಾಲ.
ಮಗುಚಿ ಹಾಕಿ ಹಿಮ್ಮಡಿಯಿಂದ ಒದ್ದೆ.
ಒಂದು ಗಾಲಿ ಹಾರಿತು. ಇನ್ನೊಂದನ್ನು
ಹಿಂದೆ ನಿಂತಿದ್ದ ಬಕಾವಿನ ಗಾರೆಯವನು ಒದ್ದ,
ತನ್ನದೇ ಯಾವುದೋ ಸಿಟ್ಟು ಸೇರಿಸಿ.
ಚೀಲ ಗೂಡಿಗೆ ಇಳಿಯಿತು. ಹುಡುಗಿ ಪಾಸು ಹರಿದಳು,
ಕಣ್ಣೆತ್ತಲಿಲ್ಲ.
ಗಾಲಿಗಳನ್ನು ಜೇಬಿಗೆ ಹಾಕಿಕೊಂಡೆ, ಯಾಕೋ.
ಹನ್ನೊಂದು ವರ್ಷ ಆ ಚೀಲವನ್ನು ತೋಳಲ್ಲೇ ಹೊತ್ತೆ.

ಕ್ರಿಸ್‌ಮಸ್ಸಿಗೆ ಬಂದಾಗ ದೋರಿನ್ ಜೇಬು ತಡಕಿದ:
ಇದು ನನಗಾ?
ಹೌದು ಅಂದೆ.
ಚಪ್ಪಲಿ ಡಬ್ಬಿಗೆ ಕಟ್ಟಿ ಗಾಡಿ ಮಾಡಿದ.
ಎರಡೇ ಗಾಲಿ; ತಳ್ಳಿದರೆ ಮೂತಿ ನೆಲ ಕೆರೆಯುತ್ತಿತ್ತು.
ಇನ್ನೆರಡು ಮುಂದಿನ ಸಲ ತಾ, ಅಂದ.
ಈಗ ಅವನಿಗೆ ಮೀಸೆ ಬಂದಿದೆ.
ನನಗೆ ಮಂಡಿ ಹೋಗಿದೆ, ಮಳೆಯಲ್ಲಿ ಆ ಮೆಟ್ಟಿಲು ಹತ್ತಲಾರೆ.

ಸಿನ್ಯೋರಾ ಕಾಫಿಗೆ ಸಕ್ಕರೆ ಎರಡು ಚಮಚ,
ವೈದ್ಯರಿಗೆ ಒಂದು ಎಂದು ಹೇಳು.
ಟಿಕೇಟು ಎಷ್ಟಾಯಿತು ಎಂದು ಕೇಳೇ ಕೇಳುತ್ತಾಳೆ.
ಹತ್ತೊಂಬತ್ತು ಅನ್ನು.
ಅಯ್ಯೋ, ಪುಕ್ಕಟೆ! ಎಂದು ಕೈ ತಟ್ಟಿ ನಗುತ್ತಾಳೆ.
ನಗಲಿ ಬಿಡು, ಒಳ್ಳೆಯವಳು.

ಎಲ್ಲಿ, ಟೇಪು ಕೊಡು.
ನೋಡಿದೆಯಾ, ಎರಡು ಬೆರಳು ಹೆಚ್ಚು.
ಇದನ್ನು ಇಲ್ಲೇ ಬಿಡು. ಮಂಚದ ಕೆಳಗೆ ನನ್ನದಿದೆ,
ಎಳೆಯಬೇಡ, ಎತ್ತು.
ಹಿಡಿಸುತ್ತದೆ.